ಸುರಂಗದ ಗ್ಯಾಸ್ ಮೀಟರ್: ಎರಡು ವರ್ಷ ಬಳಸಿದ ಮೇಲೆ, ಜೊತೆಗೆ ಆ ಸರ್ಟಿಫಿಕೇಟುಗಳ ಕಥೆ

ಮೊದಲೇ ಹೇಳಿಬಿಡುತ್ತೇನೆ. ಮೀಟರ್ ಚೆನ್ನಾಗಿದೆ. ಆರು ತಿಂಗಳಿಗೊಮ್ಮೆ ಅದರ ಕ್ಯಾಲಿಬ್ರೇಷನ್, ಅಂದರೆ ಅಳತೆ ಸರಿ ಇದೆಯಾ ಅಂತ ನೋಡಿ ಸರಿಮಾಡುವ ಕೆಲಸ, ಮಾಡಿಕೊಡುತ್ತೇವೆ ಅಂತ ಬಂದವರು ಚೆನ್ನಾಗಿರಲಿಲ್ಲ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಸುರಂಗ, ಸಂಪ್, ಮ್ಯಾನ್‌ಹೋಲ್, ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ ಟ್ಯಾಂಕ್ ಅಂತ ಜನರನ್ನು ಒಳಗೆ ಇಳಿಸುವ ಕೆಲಸ ಇರುವವರು ಕೂತು ಓದಿ, ಸ್ವಲ್ಪ ಉದ್ದ ಇದೆ.

ನಾನು 14 ವರ್ಷದಿಂದ ಸುರಂಗಗಳಲ್ಲಿ ಸೇಫ್ಟಿ ಕೆಲಸ ಮಾಡುತ್ತಿದ್ದೇನೆ. ಹೆಂಡತಿ ಎಂ.ಫಾರ್ಮ ಓದಿ, 11 ವರ್ಷದಿಂದ ಕ್ಲಿನಿಕಲ್ ರಿಸರ್ಚ್‌ನಲ್ಲಿ ಮಾನಿಟರ್. ಹೊಸ ಔಷಧದ ಪ್ರಯೋಗ ನಡೆಯುವ ಆಸ್ಪತ್ರೆಗಳಿಗೆ ಹೋಗಿ ಅಲ್ಲಿ ಬರೆದಿರುವುದು ನಿಜವಾ ಅಂತ ಒಂದೊಂದೇ ಪುಟ ತಾಳೆ ನೋಡುವುದು ಅವಳ ಕೆಲಸ. ಇಬ್ಬರದೂ ಒಂದು ತರಹ ಅನುಮಾನದ ಕಸುಬು. ಮನೆಗೆ ಹಾಲಿನವನು ಲೆಕ್ಕ ಕೊಟ್ಟರೂ ಎರಡು ಸಲ ನೋಡುತ್ತೇವೆ, ಪಾಪ ಅವನಿಗೂ ಅಭ್ಯಾಸ ಆಗಿಹೋಗಿದೆ.

ಬೆಂಗಳೂರಿನಲ್ಲಿ ಸುರಂಗದ ಕೆಲಸ ಅಂದ ಕೂಡಲೇ ಎಲ್ಲರೂ ಮೆಟ್ರೋನಾ ಅಂತ ಕೇಳುತ್ತಾರೆ. ತಪ್ಪಿಲ್ಲ. ಪಿಂಕ್ ಲೈನಿನ 13.76 ಕಿಲೋಮೀಟರ್ ನೆಲದಡಿ ಭಾಗಕ್ಕೆ ಊರ್ಜಾ, ವಿಂಧ್ಯಾ, ಅವನಿ, ಲವಿ, ರುದ್ರ, ವಾಮಿಕಾ, ವರದಾ, ಭದ್ರಾ, ತುಂಗಾ ಅಂತ ಒಂಬತ್ತು ಟಿಬಿಎಂ, ಅಂದರೆ ಸುರಂಗ ಕೊರೆಯುವ ಯಂತ್ರಗಳು, ಕೊರೆದವು. ಕೊನೆಯದು ತುಂಗಾ, 2024ರ ಅಕ್ಟೋಬರ್ 30ಕ್ಕೆ ನಾಗವಾರದಲ್ಲಿ ಹೊರಬಂತು. ನಾನು ಅಲ್ಲಿ ಇರಲಿಲ್ಲ. ನನ್ನದು ಹೊರರಾಜ್ಯದ ಸೈಟುಗಳು, ಮೊದಲು ಒಂದು ಟಿಬಿಎಂ ಸುರಂಗ, ಈಗ ಒಂದು ಬ್ಲಾಸ್ಟಿಂಗ್ ಸುರಂಗ, ಅಂದರೆ ಬಂಡೆ ಸ್ಫೋಟಿಸಿ ಕೊರೆಯುವುದು. ಯಾವುದು, ಯಾರದು ಅಂತ ಕೇಳಬೇಡಿ. ಕೆಲಸ ಉಳಿಯಬೇಕಲ್ಲ. ಅದೇ ಕಾರಣಕ್ಕೆ ಮೀಟರಿನ ಬ್ರಾಂಡ್ ಹೆಸರೂ ಬರೆಯುತ್ತಿಲ್ಲ. ಈ ದರದಲ್ಲಿ ಸಿಗುವ ನಾಲ್ಕೈದು ಕಂಪನಿಗಳ ಮಾಲು ಒಳಗಡೆ ಹೆಚ್ಚುಕಡಿಮೆ ಒಂದೇ, ಡಬ್ಬಿಯ ಬಣ್ಣ ಬೇರೆ ಅಷ್ಟೇ.

ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಡಬ್ಬಿ. ನಾಲ್ಕು ಗ್ಯಾಸ್ ತೋರಿಸುತ್ತದೆ: ಆಮ್ಲಜನಕ, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್, ಮತ್ತೆ ಬೆಂಕಿ ಹತ್ತುವ ಗ್ಯಾಸು. ಈ ನಾಲ್ಕನೆಯದನ್ನು ಎಲ್‌ಇಎಲ್ ಅಂತ ಕರೆಯುತ್ತೇವೆ. ಮೀಥೇನ್ ಗಾಳಿಯಲ್ಲಿ ನೂರಕ್ಕೆ 5 ಭಾಗ ಸೇರಿದರೆ ಕಿಡಿ ಸಾಕು, ಹತ್ತಿಕೊಳ್ಳುತ್ತದೆ. ಆ 5 ಭಾಗವನ್ನು ಮೀಟರ್ 100 ಅಂತ ಲೆಕ್ಕ ಹಾಕುತ್ತದೆ. 10 ಮುಟ್ಟಿದ ಕೂಡಲೇ ಕೂಗುತ್ತದೆ. ನಮ್ಮ ಸೆಟ್ಟಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ 35 ಪಿಪಿಎಂಗೆ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 35 ಭಾಗ), ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂಗೆ, ಆಮ್ಲಜನಕ ನೂರಕ್ಕೆ 19.5ಕ್ಕಿಂತ ಕಡಿಮೆ ಆದರೆ ಅಥವಾ 23.5 ದಾಟಿದರೆ ಕೂಗು. ಒಳ್ಳೆ ಗಾಳಿಯಲ್ಲಿ ಆಮ್ಲಜನಕ 20.9 ಇರುತ್ತದೆ. ಸುರಂಗದವರಿಗೆ ಈ 20.9 ಅನ್ನೋದು ಮನೆಯ ಫೋನ್ ನಂಬರ್ ಇದ್ದ ಹಾಗೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇವೆ.

ನಾವು ಹನ್ನೊಂದು ಮೀಟರ್ ತರಿಸಿದೆವು. ಒಂದಕ್ಕೆ 50,000 ರೂಪಾಯಿ ಆಸುಪಾಸು ಬಿತ್ತು. ಆ ಖರೀದಿ ಫೈಲು ಎಂಟು ತಿಂಗಳು ಮೇಜಿನಿಂದ ಮೇಜಿಗೆ ಓಡಾಡಿಕೊಂಡಿತ್ತು. 2023ರ ನವೆಂಬರ್ 12ಕ್ಕೆ ಉತ್ತರಕಾಶಿಯ ಸಿಲ್ಕ್ಯಾರಾ ಸುರಂಗ ಕುಸಿದು 41 ಜನ ಒಳಗೆ ಸಿಕ್ಕಿಕೊಂಡರಲ್ಲ, ಆ 17 ದಿನ ನಮ್ಮ ಊರಿನಿಂದ ಫೋನ್ ಮೇಲೆ ಫೋನ್. ದೊಡ್ಡಪ್ಪನಿಂದ ಹಿಡಿದು ಹಳೆ ಮೇಷ್ಟ್ರ ತನಕ ಎಲ್ಲರದೂ ಒಂದೇ ಪ್ರಶ್ನೆ, "ಒಳಗೆ ಉಸಿರಾಡೋಕೆ ಗಾಳಿ ಇರುತ್ತೇನಪ್ಪಾ?" ಅಲ್ಲಿ ಪುಣ್ಯಕ್ಕೆ ಕುಸಿದ ಮಣ್ಣಿನ ಹಿಂದೆ ಸುಮಾರು ಎರಡು ಕಿಲೋಮೀಟರ್ ಖಾಲಿ ಸುರಂಗ ಇತ್ತು, ಕರೆಂಟ್ ಇತ್ತು, ನಾಲ್ಕು ಇಂಚಿನ ಪೈಪೊಂದು ಉಳಿದಿತ್ತು. ಅದರಲ್ಲೇ ಗಾಳಿ, ಅದರಲ್ಲೇ ಮಂಡಕ್ಕಿ. ನವೆಂಬರ್ 28ಕ್ಕೆ 41 ಜನರೂ ಹೊರಬಂದರು. ಡಿಸೆಂಬರ್‌ನಲ್ಲಿ ನಮ್ಮ ಫೈಲಿಗೆ ಸಹಿ ಬಿತ್ತು. ಜನವರಿಗೆ ಮೀಟರ್ ಬಂತು. ಕೇಳಿದಾಗ ಕೊಡದವರು ಟಿವಿ ನೋಡಿ ಕೊಟ್ಟರು. ಇರಲಿ ಬಿಡಿ, ಬಂತಲ್ಲ.

ಈಗ ಮೀಟರಿನ ವಿಷಯ. ಮೆಚ್ಚಿದ್ದು ಮೊದಲು. ಎರಡು ವರ್ಷದಲ್ಲಿ ಇದು ನೀರಿಗೆ ಬಿದ್ದಿದೆ, ಗ್ರೌಟ್ (ಸಿಮೆಂಟ್ ಗಾರೆ) ಮೆತ್ತಿಕೊಂಡಿದೆ, ಟಿಬಿಎಂ ಮೆಟ್ಟಿಲಿನಿಂದ ಉರುಳಿದೆ, ಒಂದು ಸಲ ಲೋಕೋ (ಸುರಂಗದ ಪುಟ್ಟ ರೈಲು ಎಂಜಿನ್) ಚಕ್ರದ ಕೆಳಗೆ ಹೋಗುವುದು ಸ್ವಲ್ಪದರಲ್ಲಿ ತಪ್ಪಿದೆ. ಹೊರಗಿನ ರಬ್ಬರ್ ಹರಿದಿದೆ, ಒಳಗೆ ಏನೂ ಆಗಿಲ್ಲ. ಬಟನ್ ಒಂದೇ ಇದೆ, ದಪ್ಪದ್ದು, ರಬ್ಬರ್ ಗ್ಲೌಸ್ ಹಾಕಿಕೊಂಡೇ ಒತ್ತಬಹುದು. ಕೂಗು ಜೋರಾಗಿದೆ ಅಂತ ಬಾಕ್ಸ್ ಮೇಲೆ ಬರೆದಿರುತ್ತಾರೆ, ಅದನ್ನು ನಂಬಿ ಕೊಳ್ಳಬೇಡಿ. ವೆಂಟಿಲೇಷನ್ ಫ್ಯಾನ್ ಕೆಳಗೆ ಅಥವಾ ಕನ್ವೇಯರ್ ಪಕ್ಕ ನಿಂತಾಗ ಯಾವ ಕೂಗೂ ಕಿವಿಗೆ ಬೀಳುವುದಿಲ್ಲ. ಅಲ್ಲಿ ಕೈ ಹಿಡಿಯುವುದು ವೈಬ್ರೇಷನ್. ಎದೆಯ ಮೇಲೆ ಜೇನು ಕೂತ ಹಾಗೆ ಗುಂಯ್ ಅನ್ನುತ್ತದೆ. ಅದು ಮಾತ್ರ ತಪ್ಪುವುದಿಲ್ಲ.

ಎದೆಯ ಮೇಲೆ ಅಂದೆ, ಗಮನಿಸಿ. ಮೊದಲ ಮೂರು ತಿಂಗಳು ನಾವೆಲ್ಲ ಇದನ್ನು ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡು ಓಡಾಡಿದೆವು, ಮೊಬೈಲ್ ಪೌಚ್ ತರಹ. ನೋಡೋಕೆ ಚಂದ. ಆದರೆ ಉಸಿರಾಡುವುದು ಮೂಗಿನಲ್ಲಿ ಅಲ್ವಾ? ಮೂಗು, ಬಾಯಿಯ ಹತ್ತಿರ, ಹೆಚ್ಚೆಂದರೆ ಒಂದು ಗೇಣು ದೂರದಲ್ಲಿ ಇರಬೇಕು, ಅಂದರೆ ಕಾಲರ್ ಹತ್ತಿರ. ಇನ್ನು ಕೆಲವರು ಕೂಗಿನ ಕಾಟ ತಡೆಯಲಾಗದೆ ಜಾಕೆಟ್ಟಿನ ಒಳಜೇಬಿಗೆ ಹಾಕಿಕೊಳ್ಳುತ್ತಾರೆ. ಅಲ್ಲಿ ಅದು ಅವರ ಬೆವರನ್ನು ಮೂಸುತ್ತಾ ಇರುತ್ತದೆ ಅಷ್ಟೇ.

ಸಂಜೆಯ ಕೂಗಿನ ಕಥೆ ಹೇಳಲೇಬೇಕು. ಸುರಂಗದ ಬಾಯಿಯ ಹತ್ತಿರ ಬ್ಯಾಟರಿ ಲೋಕೋ ಚಾರ್ಜ್ ಮಾಡುವ ಜಾಗ ಇತ್ತು. ದಿನಾ ಆರು ಗಂಟೆ ಸುಮಾರಿಗೆ ಅಲ್ಲಿಗೆ ಹೋದವರ ಮೀಟರೆಲ್ಲ ಕಾರ್ಬನ್ ಮೊನಾಕ್ಸೈಡ್ 38, 40, 42 ಅಂತ ಕೂಗಲು ಶುರು. ಡೀಸೆಲ್ ಗಾಡಿ ಒಂದೂ ಇಲ್ಲ. ಯಾರೂ ಬೆಂಕಿ ಹಚ್ಚಿಲ್ಲ. ಎಲ್‌ಇಎಲ್ ನೋಡಿದರೆ ಸೊನ್ನೆ. ಹುಡುಗರು ಒಂದೇ ಮಾತಿಗೆ ಬಂದರು, ಮೀಟರ್ ಕೆಟ್ಟಿದೆ. ಚಾರ್ಜಿಂಗ್ ಆಪರೇಟರ್ ಅಂತೂ ಒಳಗೆ ಬರುವ ಮುಂಚೆ ಮೀಟರ್ ಆಫ್ ಮಾಡುವುದನ್ನು ಅಭ್ಯಾಸ ಮಾಡಿಕೊಂಡಿದ್ದ.

ಆಮೇಲೆ ಮ್ಯಾನುಯಲ್ ತೆಗೆದು ಹಿಂದಿನ ಪುಟಗಳನ್ನು ಓದಿದೆ, ಯಾರೂ ಓದದ ಆ ಸಣ್ಣ ಅಕ್ಷರದ ಪಟ್ಟಿ. ಕಾರ್ಬನ್ ಮೊನಾಕ್ಸೈಡ್ ಸೆನ್ಸರಿಗೆ ಹೈಡ್ರೋಜನ್ ಬಂದರೂ ಕಾರ್ಬನ್ ಮೊನಾಕ್ಸೈಡ್ ಬಂದ ಹಾಗೇ ಕಾಣುತ್ತದೆ. ಲೆಡ್ ಆ್ಯಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೊರಬರುವುದು ಹೈಡ್ರೋಜನ್. ಎಲ್‌ಇಎಲ್ ಸೊನ್ನೆ ತೋರಿಸುವಷ್ಟು ಕಡಿಮೆ ಇದ್ದರೂ ಈ ಸೆನ್ಸರಿಗೆ ಗೊತ್ತಾಗಿಬಿಡುತ್ತದೆ. ಸರಿ, ಹೈಡ್ರೋಜನ್ ಯಾಕೆ ನಿಲ್ಲುತ್ತಿದೆ ಅಂತ ಮೇಲೆ ನೋಡಿದರೆ ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿಲ್ಲ. ಎಂಸಿಬಿ ಬಿದ್ದು ಎಷ್ಟು ದಿನ ಆಗಿತ್ತೋ. ಎತ್ತಿದ ಮೇಲೆ ಹತ್ತು ನಿಮಿಷಕ್ಕೆ 40 ಇದ್ದಿದ್ದು 3ಕ್ಕೆ ಇಳಿಯಿತು. ಮೀಟರ್ ಹೇಳಿದ ಹೆಸರು ತಪ್ಪು, ಆದರೆ ಅದು ಸುಮ್ನೆ ಕೂಗಿರಲಿಲ್ಲ. ಸ್ಯಾನಿಟೈಸರ್ ಹಚ್ಚಿಕೊಂಡ ಕೈಯಲ್ಲಿ ಮೀಟರ್ ಹಿಡಿದರೂ ಇದೇ ತರಹ ಕೂಗುತ್ತದೆ, ಸ್ಪಿರಿಟ್ಟಿನ ಆವಿಗೆ. ಕೈ ಒಣಗಿದ ಮೇಲೆ ಮುಟ್ಟಿ.

ದೂರುಗಳು ಇವೆ. ಹೊಸದರಲ್ಲಿ ಬ್ಯಾಟರಿ 16 ಗಂಟೆ ಬರುತ್ತಿತ್ತು, ಈಗ 9. ನಮ್ಮ ಶಿಫ್ಟ್ 12 ಗಂಟೆ. ಲೆಕ್ಕ ನೀವೇ ಹಾಕಿ. ಸೆನ್ಸರ್ ಮೇಲಿನ ಬಿಳಿ ಫಿಲ್ಟರ್ ಶಾಟ್‌ಕ್ರೀಟ್ (ಗೋಡೆಗೆ ಸಿಡಿಸುವ ಕಾಂಕ್ರೀಟ್) ಧೂಳಿಗೆ ಹತ್ತು ದಿನದಲ್ಲಿ ಬೂದಿ ಬಣ್ಣ ಆಗುತ್ತದೆ, ಗ್ಯಾಸ್ ಒಳಗೇ ಹೋಗುವುದಿಲ್ಲ, ಮೀಟರ್ ಮಾತ್ರ ಏನೂ ಇಲ್ಲ ಅಂತ ಹಸಿರು ದೀಪ ಮಿಟುಕಿಸುತ್ತಾ ಕೂತಿರುತ್ತದೆ. ಫಿಲ್ಟರ್ ಸೆಟ್ ಬೇರೆ ಕೊಳ್ಳಬೇಕು, ಖರೀದಿ ಮಾಡುವಾಗಲೇ ಹತ್ತಿಪ್ಪತ್ತು ಸೇರಿಸಿ ಬರೆಯಿರಿ. ಇನ್ನೊಂದು, ನಮ್ಮದು ಪಂಪ್ ಇಲ್ಲದ ಮಾಡೆಲ್. ಅದರ ಹತ್ತಿರ ಬಂದ ಗಾಳಿಯನ್ನಷ್ಟೇ ನೋಡುತ್ತದೆ. ಸಂಪ್ ಒಳಗೆ ಏನಿದೆ ಅಂತ ತಿಳಿಯಲು ಮೀಟರನ್ನೇ ಹಗ್ಗ ಕಟ್ಟಿ ಇಳಿಸಬೇಕು, ಇಲ್ಲವೇ ಕೈಯಲ್ಲಿ ಒತ್ತುವ ರಬ್ಬರ್ ಬಲ್ಬ್ ಮತ್ತು ಟ್ಯೂಬ್ ತಗೊಂಡು ತಾಳ್ಮೆಯಿಂದ ಗಾಳಿ ಎಳೆಯಬೇಕು. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಮೀಥೇನ್ ಹಗುರ, ಮೇಲೆ ಚಾವಣಿಗೆ ಹೋಗುತ್ತದೆ. ಸಂಪಿನ ಬಾಯಿಯ ಹತ್ತಿರ ಹಿಡಿದು ಸರಿ ಇದೆ ಅನ್ನುವುದು ಬಾವಿ ಕಟ್ಟೆಯ ಮೇಲೆ ಕೂತು ನೀರು ಎಷ್ಟು ಆಳ ಅಂತ ಹೇಳಿದ ಹಾಗೆ. "ವಾಸನೆ ಬಂದ್ರೆ ಗೊತ್ತಾಗುತ್ತಲ್ಲ ಸರ್" ಅನ್ನುವವರಿಗೆ ಒಂದು ಮಾತು: ಕೊಳೆತ ಮೊಟ್ಟೆಯ ವಾಸನೆ ಸ್ವಲ್ಪ ಇದ್ದಾಗ ಮಾತ್ರ ಬರುತ್ತದೆ. 100 ಪಿಪಿಎಂ ಹತ್ತಿರ ಹೋದರೆ ಮೂಗೇ ಸತ್ತುಹೋಗುತ್ತದೆ, ವಾಸನೆ ನಿಂತಿತು ಅಂತ ಇನ್ನೂ ಕೆಳಗೆ ಇಳಿಯುತ್ತಾರೆ.

ಸಣ್ಣ ದೂರು ಒಂದು, ಗಡಿಯಾರ. ಮೀಟರ್ ತನ್ನೊಳಗೆ ರೀಡಿಂಗೆಲ್ಲ ಬರೆದಿಟ್ಟುಕೊಳ್ಳುತ್ತದೆ, ಡಾಕ್ ಅನ್ನುವ ಸ್ಟ್ಯಾಂಡಿಗೆ ಇಟ್ಟರೆ ಕಂಪ್ಯೂಟರಿಗೆ ಇಳಿಯುತ್ತದೆ. ಒಳ್ಳೆಯ ಸೌಲಭ್ಯ. ಆದರೆ ಮಧ್ಯಾಹ್ನ ಎರಡು ಗಂಟೆಗೆ ಕೂಗಿದ್ದು ಬೆಳಿಗ್ಗೆ ಎಂಟೂವರೆ ಅಂತ ದಾಖಲಾಗಿತ್ತು. ಲಂಡನ್ ಸಮಯಕ್ಕೆ ಸೆಟ್ ಆಗಿ ಬಂದಿತ್ತು, ಐದೂವರೆ ಗಂಟೆ ಹಿಂದೆ. ನಾವು ನಾಲ್ಕು ತಿಂಗಳು ನೋಡಿರಲೇ ಇಲ್ಲ.

ಈಗ ಕ್ಯಾಲಿಬ್ರೇಷನ್. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇದು ಅಂಗಡಿಯ ತಕ್ಕಡಿಯ ಹಾಗೆ. ಒಂದು ಕೆಜಿ ಬಟ್ಟು ಇಟ್ಟರೆ ಒಂದು ಕೆಜಿ ತೋರಿಸಬೇಕು. ಮೀಟರಿನ ಬಟ್ಟು ಅಂದರೆ ಒಂದು ಪುಟ್ಟ ಸಿಲಿಂಡರ್. ಅದರೊಳಗೆ ನಾಲ್ಕೂ ಗ್ಯಾಸ್ ಗೊತ್ತಿರುವ ಅಳತೆಯಲ್ಲಿ ಬೆರೆಸಿರುತ್ತಾರೆ. ನಮ್ಮದರಲ್ಲಿ ಕಾರ್ಬನ್ ಮೊನಾಕ್ಸೈಡ್ 100, ಹೈಡ್ರೋಜನ್ ಸಲ್ಫೈಡ್ 25, ಎಲ್‌ಇಎಲ್ 50, ಆಮ್ಲಜನಕ 18. ಇದನ್ನು ಮೀಟರಿನ ಮೂತಿಗೆ ಕೊಟ್ಟು, ಮೊದಲು ಏನು ತೋರಿಸಿತು ಅಂತ ಬರೆದುಕೊಂಡು, ಆಮೇಲೆ ಸರಿಮಾಡಿ, ಮತ್ತೆ ಕೊಟ್ಟು ನೋಡಿ, ಅದನ್ನೂ ಬರೆಯಬೇಕು. ಮೊದಲಿನ ರೀಡಿಂಗಿಗೆ ನಾವು ಆ್ಯಸ್ ಫೌಂಡ್ ಅನ್ನುತ್ತೇವೆ. ಸತ್ಯ ಇರುವುದು ಅದರಲ್ಲಿ. ಸೆನ್ಸರ್ ಎಷ್ಟು ಮುದಿಯಾಗಿದೆ ಅಂತ ಅದು ಹೇಳುತ್ತದೆ.

ನಮ್ಮ ಸೈಟಿಗೆ ಒಂದು ಏಜೆನ್ಸಿ ಬರುತ್ತಿತ್ತು. ಮೀಟರಿಗೆ 700 ರೂಪಾಯಿ. ಸೈಟಿಗೇ ಬಂದು, ಅರ್ಧ ದಿನದಲ್ಲಿ ಹನ್ನೊಂದೂ ಮುಗಿಸಿ, ಸ್ಟಿಕ್ಕರ್ ಅಂಟಿಸಿ, ಮರುದಿನ ಬಣ್ಣದ ಸರ್ಟಿಫಿಕೇಟ್ ಮೇಲ್ ಮಾಡುತ್ತಿದ್ದರು. ಎಷ್ಟು ಚುರುಕು ಅಂತ ನಾನೇ ಹೊಗಳಿದ್ದೆ. 2024ರ ಜುಲೈನಲ್ಲಿ ಒಂದು ಸಲ, 2025ರ ಜನವರಿ ಮೊದಲ ವಾರ ಇನ್ನೊಂದು ಸಲ. ಅದಾದ ಮೇಲೆ ಸಂಕ್ರಾಂತಿಗೆ ಮನೆಗೆ ಬಂದೆ. ರಜೆ ಮುಗಿದ ಮಾರನೇ ದಿನ ಆಡಿಟ್ ಇತ್ತು, ಹಾಗಾಗಿ ಫೈಲೂ ಬ್ಯಾಗಿನಲ್ಲಿ ಬಂದಿತ್ತು.

ಹಾಲ್‌ನಲ್ಲಿ ಚಾಪೆಯ ಮೇಲೆ ಕೂತು ಹೆಂಡತಿ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಪಕ್ಕದಲ್ಲಿ ಸರ್ಟಿಫಿಕೇಟುಗಳನ್ನು ಸೀರಿಯಲ್ ನಂಬರ್ ಪ್ರಕಾರ ಜೋಡಿಸುತ್ತಿದ್ದೆ. ಅವಳು ಸುಮ್ನೆ ಒಂದು ಸಲ ಈ ಕಡೆ ನೋಡಿದಳು. ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು.

"ರೀ, ಇದೂ ಅದೂ ಒಂದೇನಾ?"

"ಇಲ್ಲ ಕಣೇ, ಬೇರೆ ಬೇರೆ ಮೀಟರ್."

"ಮತ್ತೆ ನಂಬರ್ ಯಾಕೆ ಒಂದೇ ಇದೆ?"

ನೋಡಿದೆ. ಆ್ಯಸ್ ಫೌಂಡ್ ಕಾಲಮ್ಮಿನಲ್ಲಿ 99, 24.8, 49, 18.0. ಮುಂದಿನ ಮೀಟರ್, 99, 24.8, 49, 18.0. ಅದರ ಮುಂದಿನದೂ ಅದೇ. ಹನ್ನೊಂದೂ ಅದೇ. ಜುಲೈ ತಿಂಗಳ ಕಟ್ಟು ತೆಗೆದೆವು. ಅಲ್ಲೂ ಅದೇ. ದಿನಾ ಟಿಬಿಎಂ ತುದಿಗೆ ಹೋಗುವ ಮೀಟರಿಗೂ, ಆಫೀಸಿನ ಡ್ರಾಯರಿನಲ್ಲಿ ಮಲಗಿರುವ ಮೀಟರಿಗೂ ಒಂದೇ ವಯಸ್ಸು, ಒಂದೇ ಆರೋಗ್ಯ, ದಶಮಾಂಶದ ತನಕ.

ಅವಳು ಕೈ ಒರೆಸಿಕೊಂಡು ಬಂದು ನೆಟ್ಟಗೆ ಕೂತಳು. ನನಗೆ ಆಗಲೇ ಹೊಟ್ಟೆಯಲ್ಲಿ ತಳಮಳ. ಗ್ಯಾಸ್ ಸಿಲಿಂಡರ್ ಲಾಟ್ ನಂಬರ್ ಎಲ್ಲಿ ಅಂತ ಕೇಳಿದಳು. ಇತ್ತು. ಅದರ ಎಕ್ಸ್‌ಪೈರಿ? ಅದೂ ಇತ್ತು, 2024ರ ಸೆಪ್ಟೆಂಬರ್. ಜನವರಿಯಲ್ಲಿ ಮಾಡಿದ ಕೆಲಸಕ್ಕೆ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಗ್ಯಾಸ್. ಹೈಡ್ರೋಜನ್ ಸಲ್ಫೈಡ್ ಸಿಲಿಂಡರಿನಲ್ಲಿ ಇಟ್ಟಷ್ಟೂ ಕರಗುತ್ತಾ ಹೋಗುತ್ತದೆ, ಅದಕ್ಕೇ ಅವಧಿ ಹಾಕಿರುವುದು. ಆಮೇಲೆ ಅವಳು ನನ್ನ ಕಡೆಯ ರಿಜಿಸ್ಟರ್ ಕೇಳಿದಳು, ಯಾವ ಮೀಟರ್ ಯಾವ ದಿನ ಯಾರ ಹತ್ತಿರ ಇತ್ತು ಅಂತ ಬರೆಯುವ ಪುಸ್ತಕ. ಅದರ ಫೋಟೋ ನನ್ನ ಮೊಬೈಲಿನಲ್ಲಿ ಇತ್ತು. ಬೆರಳು ಜಾರಿಸುತ್ತಾ ಹೋದವಳು 7ನೇ ನಂಬರ್ ಮೀಟರ್ ಹತ್ತಿರ ನಿಂತಳು. ಅದು ಡಿಸೆಂಬರ್ ಕೊನೆಗೆ ಬಜರ್ ರಿಪೇರಿಗೆ ಕೊರಿಯರ್‌ನಲ್ಲಿ ಹೋಗಿತ್ತು. ಜನವರಿ ಮಧ್ಯದ ತನಕ ವಾಪಸ್ ಬಂದಿರಲಿಲ್ಲ. ಸೈಟಿನಲ್ಲೇ ಇಲ್ಲದ ಮೀಟರಿಗೂ ಸರ್ಟಿಫಿಕೇಟ್ ಬಂದಿತ್ತು. 99, 24.8, 49, 18.0.

ಅದನ್ನು ಸರಿ ಇದೆ ಅಂತ ತೆಗೆದುಕೊಂಡ ಸಹಿ ನನ್ನದೇ. ಅದನ್ನೂ ಅವಳೇ ತೋರಿಸಿದಳು. ಜಾಸ್ತಿ ಏನೂ ಹೇಳಲಿಲ್ಲ, "ಹನ್ನೊಂದು ಇದೆ ಅಂತ ಎಣಿಸಿದ್ರಿ, ಓದ್ಲಿಲ್ಲ" ಅಂದಳು ಅಷ್ಟೇ. ಅವರ ಕಸುಬಿನಲ್ಲಿ ಇದು ದಿನನಿತ್ಯದ ಮಾತು. ಒಂದು ಆಸ್ಪತ್ರೆಯಲ್ಲಿ ಐದು ಜನ ರೋಗಿಗಳ ಬಿಪಿ ಒಂದೇ ತರಹ 120/80 ಅಂತ ಸಾಲಾಗಿ ಕಂಡರೆ ಮಾನಿಟರ್ ಆದವರಿಗೆ ಅಲ್ಲೇ ಮೈ ಜುಂ ಅನ್ನುತ್ತದಂತೆ. ಮನುಷ್ಯರ ಬಿಪಿ ಹಾಗೆ ಸಾಲಾಗಿ ನಿಲ್ಲುವುದಿಲ್ಲ. ಪ್ರಯೋಗದ ಔಷಧ ಇಡುವ 2ರಿಂದ 8 ಡಿಗ್ರಿ ಫ್ರಿಜ್ಜಿನ ಥರ್ಮಾಮೀಟರಿಗೂ ಕ್ಯಾಲಿಬ್ರೇಷನ್ ಇರುತ್ತದೆ. ಅದರ ಅವಧಿ ಮೀರಿದ್ದು ಗೊತ್ತಾದರೆ ಒಳಗಿರುವ ಔಷಧವನ್ನು ಪಕ್ಕಕ್ಕೆ ಎತ್ತಿಟ್ಟು, ಬಳಸಬಹುದಾ ಅಂತ ತೀರ್ಮಾನ ಆಗುವ ತನಕ ಯಾರಿಗೂ ಕೊಡುವುದಿಲ್ಲ. ತಪ್ಪು ಬರೆದರೆ ಒಂದೇ ಗೆರೆ ಎಳೆದು, ಕೆಳಗಿದ್ದದ್ದು ಕಾಣುವ ಹಾಗೆ ಬಿಟ್ಟು, ಪಕ್ಕದಲ್ಲಿ ಸಹಿ ಮತ್ತು ತಾರೀಕು. ನಮ್ಮ ರಿಜಿಸ್ಟರ್‌ನಲ್ಲಿ ವೈಟ್‌ನರ್ ಹಚ್ಚಿದ ಜಾಗಗಳನ್ನು ನೋಡಿ ಅವಳು ಮುಖ ಮಾಡಿದ್ದು ನೆನಪಿದೆ, ಅವರೆಕಾಳಿನಲ್ಲಿ ಹುಳ ಕಂಡಾಗ ಮಾಡುವ ಮುಖ ಅದೇ.

ಸೈಟಿಗೆ ಹೋದವನೇ ಹೊಸ ಸಿಲಿಂಡರ್, ರೆಗ್ಯುಲೇಟರ್ ತರಿಸಿದೆ. ಆಡಿಟರ್‌ಗೆ ನಾನೇ ಮುಂಚೆ ಹೇಳಿಬಿಟ್ಟೆ, ಬೈಸಿಕೊಂಡೆ, ಅದು ಬೇರೆ ಕಥೆ. ಹನ್ನೊಂದು ಮೀಟರಿಗೂ ಬಂಪ್ ಟೆಸ್ಟ್ ಮಾಡಿದೆವು. ಬಂಪ್ ಟೆಸ್ಟ್ ಅಂದರೆ ಪೂರ್ತಿ ಕ್ಯಾಲಿಬ್ರೇಷನ್ ಅಲ್ಲ, ಗ್ಯಾಸ್ ಕೊಟ್ಟಾಗ ಮೀಟರ್ ಕೂಗುತ್ತದಾ ಅಂತ ನೋಡುವುದು. ಅರ್ಧ ನಿಮಿಷ, ಒಂದು ನಿಮಿಷದ ಕೆಲಸ. ಎಂಟು ಚೆನ್ನಾಗಿ ಕೂಗಿದವು. ಒಂದು, ಹೈಡ್ರೋಜನ್ ಸಲ್ಫೈಡಿಗೆ ಯೋಚನೆ ಮಾಡಿ ಮಾಡಿ ಎರಡು ನಿಮಿಷ ತೆಗೆದುಕೊಂಡಿತು. ಫಿಲ್ಟರ್ ಬದಲಾಯಿಸಿದ ಮೇಲೆ ಸರಿಯಾಯಿತು. ಇನ್ನೊಂದರ ವೈಬ್ರೇಷನ್ ಸತ್ತಿತ್ತು. ಮೂರನೆಯದು ಎಲ್‌ಇಎಲ್ 50 ತೋರಿಸಬೇಕಾದ ಕಡೆ 21 ತೋರಿಸಿತು. ಅಂದರೆ ಅದು 10 ಅಂತ ಕೂಗುವ ಹೊತ್ತಿಗೆ ನಿಜವಾಗಿ 24 ಹತ್ತಿರ ಇರುತ್ತದೆ. ಈ ಸೆನ್ಸರ್ ಒಳಗೆ ಗ್ಯಾಸನ್ನು ಒಂದು ಪುಟ್ಟ ಮಣಿಯ ಮೇಲೆ ಸುಟ್ಟು ನೋಡುತ್ತದೆ, ಆ ಮಣಿಗೆ ಸಿಲಿಕೋನ್ ಅಂದರೆ ವಿಷ. ಆ ಮೀಟರ್ ಇದ್ದದ್ದು ಕನ್ವೇಯರ್ ಮೆಂಟೆನೆನ್ಸ್ ಹುಡುಗರ ಹತ್ತಿರ. ಅವರು ದಿನಾ ಸಿಲಿಕೋನ್ ಸ್ಪ್ರೇ ಹೊಡೆಯುತ್ತಿದ್ದರು. ಅದೇ ಕಾರಣ ಅಂತ ನನ್ನ ಗುಮಾನಿ. ಮೀಟರಿನಲ್ಲಿ ಇದಕ್ಕೆ ಯಾವ ಎಚ್ಚರಿಕೆಯೂ ಬರುವುದಿಲ್ಲ, ಸೊನ್ನೆ ಸೊನ್ನೆಯಾಗೇ ಕಾಣುತ್ತದೆ. ಗ್ಯಾಸ್ ಕೊಟ್ಟು ನೋಡಿದರೆ ಮಾತ್ರ ಗೊತ್ತು. ಆ ಮೀಟರಿನ ಮೇಲೂ ಜನವರಿಯ ಹಸಿರು ಸ್ಟಿಕ್ಕರ್ ಫಳಫಳ ಹೊಳೆಯುತ್ತಿತ್ತು.

ಏಜೆನ್ಸಿಗೆ ಫೋನ್ ಮಾಡಿದೆ. ಟೈಪಿಂಗ್ ಮಿಸ್ಟೇಕ್ ಸಾರ್ ಅಂದರು. ಇಪ್ಪತ್ತೆರಡು ಸರ್ಟಿಫಿಕೇಟಿನಲ್ಲೂನಾ ಅಂದೆ. ಹೊಸದು ಕಳಿಸುತ್ತೇವೆ ಅಂದರು. ಮೀಟರ್ ನೋಡದೆನಾ ಅಂದೆ. ಲೈನ್ ಕಟ್ ಆಯಿತು.

ಈಗಿನ ಲ್ಯಾಬ್ ದುಬಾರಿ. ಮೀಟರಿಗೆ 1,800 ಮತ್ತು ಜಿಎಸ್‌ಟಿ. ನಾವೇ ಕಳಿಸಬೇಕು, ನಾಲ್ಕೈದು ದಿನ ಹಿಡಿಯುತ್ತದೆ, ಫೋನಿನಲ್ಲಿ ಮಾತಾಡುವ ಯಮ್ಮ ಸ್ವಲ್ಪ ಸಿಡುಕು. ಆದರೆ ಮೊದಲ ಸಲವೇ ಹನ್ನೊಂದು ಮೀಟರಿಗೆ ಹನ್ನೊಂದು ತರಹದ ನಂಬರ್ ಬಂತು, ನನಗೆ ಅದನ್ನು ನೋಡಿಯೇ ಅರ್ಧ ಸಮಾಧಾನ. ಒಂದು ಮೀಟರನ್ನು ಫೇಲ್ ಅಂತ ಬರೆದು ವಾಪಸ್ ಕಳಿಸಿದ್ದಾರೆ, ದುಡ್ಡು ತಗೊಂಡು! ಅಂಥವರು ಬೇಕು. ಲ್ಯಾಬುಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಸಂಸ್ಥೆಯ ಲೋಗೋ ಇದೆ ಅಂತ ಮಾತ್ರ ನಂಬಬೇಡಿ. ಎನ್‌ಎಬಿಎಲ್ ಮಾನ್ಯತೆ ಕೊಡುವುದು ಅಳತೆ ಅಳತೆಗೆ ಬೇರೆ ಬೇರೆ. ಪ್ರೆಷರ್ ಗೇಜಿಗೆ ಮಾನ್ಯತೆ ಇರುವ ಲ್ಯಾಬಿಗೆ ಗ್ಯಾಸ್ ಮೀಟರಿಗೂ ಇರಬೇಕೆಂದೇನಿಲ್ಲ. ಸ್ಕೋಪ್ ಪಟ್ಟಿ ಕೇಳಿ ತರಿಸಿ, ಅದರಲ್ಲಿ ನಿಮ್ಮ ಗ್ಯಾಸ್ ಇದೆಯಾ ನೋಡಿ. ಎನ್‌ಎಬಿಎಲ್ ವೆಬ್‌ಸೈಟಿನಲ್ಲೂ ಸಿಗುತ್ತದೆ.

ಬಂಪ್ ಟೆಸ್ಟನ್ನು ಈಗ ದಿನಾ ಶಿಫ್ಟ್ ಶುರುವಿಗೆ ನಾವೇ ಮಾಡುತ್ತೇವೆ. ಮೊದಮೊದಲು ಎಲ್ಲರೂ ಗೊಣಗಿದರು. ಲೈನಿನಲ್ಲಿ ನಿಲ್ಲಬೇಕಲ್ಲ. ಈಗ ಅದು ಕೆಲವರಿಗೆ ಮೋಜು, ಯಾರ ಮೀಟರ್ ಮೊದಲು ಕೂಗುತ್ತೆ ಅಂತ ಟೀ ಬೆಟ್ ಕಟ್ಟುತ್ತಾರೆ. ಜಾರ್ಖಂಡಿನ ಹುಡುಗನೊಬ್ಬ ಸತತ ಎಂಟು ದಿನ ಗೆದ್ದ. ಫಿಲ್ಟರನ್ನು ದಿನಾ ರಾತ್ರಿ ಹಳೆ ಟೂತ್‌ಬ್ರಶ್‌ನಲ್ಲಿ ಮೆಲ್ಲಗೆ ಉಜ್ಜಿ ಇಡುತ್ತಿದ್ದನಂತೆ, ಆಮೇಲೆ ಗೊತ್ತಾಯಿತು.

ಇನ್ನು ಈ ಮೀಟರಿನ ದೊಡ್ಡ ಕೊರತೆ. ಇದನ್ನು ನಾನು ತಡವಾಗಿ ಕಲಿತೆ. ಬ್ಲಾಸ್ಟಿಂಗ್ ಸುರಂಗಕ್ಕೆ ಹೋಗುವವರು ಇದನ್ನು ಮಾತ್ರ ಬಿಡದೆ ಓದಿ. ಸ್ಫೋಟದ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಒಂದೇ ಇರುವುದಿಲ್ಲ, ನೈಟ್ರೋಜನ್ ಡೈಆಕ್ಸೈಡೂ ಇರುತ್ತದೆ. ಡೀಸೆಲ್ ಹೊಗೆಯಲ್ಲೂ ಇರುತ್ತದೆ. ಸಾಮಾನ್ಯ ನಾಲ್ಕು ಗ್ಯಾಸ್ ಮೀಟರಿಗೆ ಅದು ಕಾಣುವುದೇ ಇಲ್ಲ. ಹೊಸ ಸೈಟಿಗೆ ಬಂದ ಎರಡನೇ ತಿಂಗಳು, ಬ್ಲಾಸ್ಟ್ ಆದ ಮೇಲೆ ಹೊಗೆ ತೆಗೆಯುವ ಸಮಯ ಮುಗಿಯಿತು ಅಂತ ತಂಡ ಒಳಗೆ ಹೋಯಿತು. ಮೀಟರ್ ತಣ್ಣಗಿತ್ತು, ಕಾರ್ಬನ್ ಮೊನಾಕ್ಸೈಡ್ 12. ಒಬ್ಬ ಹೆಲ್ಪರ್‌ಗೆ ಕೆಮ್ಮು ಬಂತು, ಗಂಟಲು ಉರಿ ಅಂದ, ಹೊರಗೆ ಬಂದ ಮೇಲೆ ಆರಾಮಾದ. ಸಂಜೆ ಫೋನಿನಲ್ಲಿ ಹೆಂಡತಿಗೆ ಹೀಗೇ ಹೇಳಿದೆ.

"ಅವನೀಗ ಎಲ್ಲಿದ್ದಾನೆ?"

"ರೂಮಲ್ಲಿ ಮಲಗಿದ್ದಾನೆ, ಆರಾಮಾಗಿದ್ದಾನೆ."

"ನಾನು ಡಾಕ್ಟರಲ್ಲ. ಆದ್ರೆ ಬ್ಲಾಸ್ಟ್ ಹೊಗೆ ಕುಡಿದೋನನ್ನ ಒಬ್ಬನೇ ಮಲಗಿಸ್ಬೇಡಿ ರೀ. ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ."

ಈ ಗ್ಯಾಸಿನ ಕೆಟ್ಟ ಗುಣ ಅದೇ. ಮೊದಲು ಸ್ವಲ್ಪ ಕೆಮ್ಮು, ಆಮೇಲೆ ಏನೂ ಇಲ್ಲ ಅನಿಸುತ್ತದೆ, ಎಷ್ಟೋ ಗಂಟೆ ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು, ಒಂದು ದಿನ ಬಿಟ್ಟೂ ಆಗಬಹುದು. ರಾತ್ರಿಯೇ ಅವನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದೆವು. ಒಂದು ರಾತ್ರಿ, ಒಂದು ಹಗಲು ಇಟ್ಟುಕೊಂಡು ನೋಡಿದರು. ಏನೂ ಆಗಲಿಲ್ಲ, ನಗುತ್ತಾ ವಾಪಸ್ ಬಂದ. ಹೆಂಡತಿ ಮಾರನೇ ದಿನ ಕೇಳಿದ್ದು ಒಂದೇ, ರಿಪೋರ್ಟ್ ಬರೆದ್ರಾ ಅಂತ. ಅವರಲ್ಲಿ ಪ್ರಯೋಗದಲ್ಲಿ ಇರುವವರು ಆಸ್ಪತ್ರೆಗೆ ದಾಖಲಾದರೆ 24 ಗಂಟೆಯೊಳಗೆ ವರದಿ ಹೋಗಬೇಕು, 2019ರ ಕ್ಲಿನಿಕಲ್ ಟ್ರಯಲ್ ರೂಲ್ಸ್ ಪ್ರಕಾರ ಸರ್ಕಾರದ ಲೈಸೆನ್ಸಿಂಗ್ ಅಥಾರಿಟಿಗೆ, ಸ್ಪಾನ್ಸರ್‌ಗೆ, ಎಥಿಕ್ಸ್ ಕಮಿಟಿಗೆ, ಮೂರು ಕಡೆಗೂ. ಕಾರಣ ಔಷಧವೋ ಅಲ್ಲವೋ ಅನ್ನೋದು ಆಮೇಲೆ. ನಾವು "ಏನೂ ಆಗ್ಲಿಲ್ವಲ್ಲ" ಅಂತ ಬಿಡುವ ಜನ. ಆ ಸಲ ಬರೆದೆ. ಬರೆದದ್ದಕ್ಕೇ ನೈಟ್ರೋಜನ್ ಡೈಆಕ್ಸೈಡ್ ನೋಡುವ ಮೀಟರ್ ನಾಲ್ಕು ಬಂದವು, ಈ ಸಲ ಎಂಟು ತಿಂಗಳಲ್ಲ, ಹತ್ತೊಂಬತ್ತು ದಿನದಲ್ಲಿ.

ಕೊಳ್ಳುವವರಿಗೆ: ಟಿಬಿಎಂ ಅಥವಾ ಸಂಪ್ ಕೆಲಸಕ್ಕೆ ನಾಲ್ಕು ಗ್ಯಾಸ್ ಸಾಕು, ಆದರೆ ಪಂಪ್ ಇರುವ ಮಾಡೆಲ್ ಒಂದಾದರೂ ಇರಲಿ. ಬ್ಲಾಸ್ಟಿಂಗ್ ಇದ್ದರೆ ಐದನೇ ಸೆನ್ಸರಾಗಿ ನೈಟ್ರೋಜನ್ ಡೈಆಕ್ಸೈಡ್ ಹಾಕಿಸಿಕೊಳ್ಳಿ, ಮೊದಲೇ ಹೇಳಿದರೆ ಹಾಕಿಕೊಡುವ ಕಂಪನಿಗಳಿವೆ. ಬೆಂಕಿ ಹತ್ತುವ ಗ್ಯಾಸ್ ಇರುವ ಕಡೆ ಹೋಗುವ ಮೀಟರಿಗೆ ಪೆಸೋ (ಸ್ಫೋಟಕ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) ಅಪ್ರೂವಲ್ ಇದೆಯಾ ಕೇಳಿ. ಮೀಟರಿನ ದುಡ್ಡು ಒಂದು ಸಲದ್ದು, ಸಿಲಿಂಡರ್, ಫಿಲ್ಟರ್, ಸೆನ್ಸರ್‌ಗಳದ್ದು ವರ್ಷವರ್ಷದ್ದು. ನಮ್ಮ ಆಮ್ಲಜನಕದ ಸೆನ್ಸರ್‌ಗಳು ಎರಡು ವರ್ಷಕ್ಕೆ ಸರಿಯಾಗಿ ಒಂದೊಂದೇ ಕೈಕೊಡಲು ಶುರುಮಾಡಿವೆ. ಅದು ಕಂಪನಿಯ ತಪ್ಪಲ್ಲ, ಅದರ ಆಯಸ್ಸೇ ಅಷ್ಟು. ಮೀಟರಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಬ್ಯಾಟರಿಗೆ ಒಂದು ಕಟ್. ಹೊಸ ಲ್ಯಾಬಿಗೂ ನಾಲ್ಕು, ಆ ಯಮ್ಮನ ಸಿಡುಕಿಗೆ ಒಂದು ಕಟ್.

ಹಳೆ ಏಜೆನ್ಸಿಯವರು ಕಳೆದ ತಿಂಗಳು ಹೊಸ ಸೈಟಿನ ವಿಳಾಸ ಹುಡುಕಿಕೊಂಡು ಮತ್ತೆ ಕೊಟೇಷನ್ ಕಳಿಸಿದ್ದಾರೆ. ಈ ಸಲ ಮೀಟರಿಗೆ 650. ಜೊತೆಗೆ ನಮೂನೆಗೆ ಅಂತ ಒಂದು ಸರ್ಟಿಫಿಕೇಟ್, ಬೇರೆ ಯಾವುದೋ ಗಿರಾಕಿಯದು, ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದದ್ದು. ತೆಗೆದು ನೋಡಿದೆ. 99, 24.8, 49, 18.0.